ನಮ್ಮ ಹಂದರದಲ್ಲಿ ಒಪೇರಾ

ಬೈಲಹೊಂಗಲದಲ್ಲಿ ಒಪೇರಾ ನೋಡಿದ ಹೆಂಗಸು ನಾನೊಬ್ಬಳೇ ಇರಬೇಕು. ಈ ಮಾತನ್ನು ನಮ್ಮ ಓಣಿಯಲ್ಲಿ, ನಾನು ಸಮಾಜ ವಿಜ್ಞಾನ ಕಲಿಸುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಒಮ್ಮೆ ಧಾರವಾಡದ ಬಸ್ಸಿಗೆ ಕಾಯುವಾಗಲೂ ಘೋಷಿಸಿದ್ದೇನೆ. ಇದುವರೆಗೆ ಯಾರೂ ಎದ್ದು ನಿಂತು "ನಾನೂ ನೋಡೇನಿ" ಎಂದಿಲ್ಲ. ಆದ್ದರಿಂದ ಅದು ಸತ್ಯವೆಂದೇ ತಿಳಿಯತಕ್ಕದ್ದು.

ನೋಡಿದ್ದು ಮುಂಬಯಿಯಲ್ಲಿ. ಅಲ್ಲಿ ನನ್ನ ತಂಗಿ ಶೈಲಾ ಇದ್ದಾಳೆ. ಅವಳ ಫ್ಲ್ಯಾಟು ಎಷ್ಟು ಎತ್ತರದಲ್ಲಿದೆ ಎಂದರೆ ಕೆಳಗೆ ಮಾರುವ ಕಾಯಿಪಲ್ಲೆಯವನ ಕೂಗು ಅಲ್ಲಿಗೆ ತಲುಪುವಷ್ಟರಲ್ಲಿ ಅವನು ಮನೆಗೆ ಹೋಗಿ ಊಟ ಮಾಡಿರುತ್ತಾನೆ. ಪಕ್ಕದ ಮನೆಯವರ ಹೆಸರು ಅವಳಿಗೆ ಬಾಗಿಲಿನ ಬೋರ್ಡು ನೋಡಿ ಗೊತ್ತು, ಅಷ್ಟೇ. ನಮ್ಮಲ್ಲಿ ಹಾಗಲ್ಲ. ನಮ್ಮ ಪಕ್ಕದ ಮನೆಯ ಗಿರಿಜಕ್ಕ ನಮ್ಮ ಕುಕ್ಕರಿನ ಸೀಟಿ ಕೇಳಿ, "ಇವತ್ತ ತೊಗರಿಬ್ಯಾಳಿ ಹಾಕೀರಿ ಏನ್ರಿ" ಎಂದು ಗೋಡೆಯಾಚೆಯಿಂದ ಕೇಳುತ್ತಾಳೆ.

ಶೈಲಾಳ ಮನೆಯ ನಡುವೆ ಒಂದು ಬೀಸುವ ಕಲ್ಲಿತ್ತು. ಅದರ ಮೇಲೆ ದುಂಡನೆಯ ಗಾಜು. ಗಾಜಿನ ಮೇಲೆ ಚಹಾ. "ಅಕ್ಕಾ, ಇದು ಆಂಟಿಕ್" ಎಂದಳು. ನಮ್ಮವ್ವ ಇಂಥದೇ ಕಲ್ಲಿನ ಮುಂದೆ ಕಾಲು ಚಾಚಿ ಕೂತು, ಒಬ್ಬಳೇ ಜೋಳ ಬೀಸುತ್ತಿದ್ದಳು. ಹಾಡುತ್ತಿರಲಿಲ್ಲ. ನಮ್ಮನ್ನು ಬೈಯುತ್ತಿದ್ದಳು. ಆ ಬೈಗುಳ ನೆನಪಾಗಿ, ಕಲ್ಲಿನ ಮೇಲೆ ಬಿಸ್ಕಿಟು ಇಟ್ಟು ತಿನ್ನಲು ನನಗೆ ಸಂಕೋಚವೆನಿಸಿತು. ಆದರೂ ತಿಂದೆ.

ಅಂದು ಸಂಜೆ ಒಪೇರಾ. ಯಾವ ಭಾಷೆಯೋ ತಿಳಿಯಲಿಲ್ಲ. ಆದರೆ ಒಂದು ಹೆಣ್ಣುಮಗಳು ಸಾಯುತ್ತಿದ್ದಾಳೆ ಎಂಬುದು ತಿಳಿಯಿತು. ಅವಳು ಹಾಡುತ್ತ ಸತ್ತಳು, ಸಾಯುತ್ತ ಹಾಡಿದಳು, ಅಂತೂ ಬಹಳ ಹೊತ್ತು ತೆಗೆದುಕೊಂಡಳು. ಆ ದನಿಗೆ ನನ್ನ ಮೈ ಜುಮ್ಮೆಂದಿತು. ಒಂದಕ್ಷರ ತಿಳಿಯದೆ ನನ್ನ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಲು ಕರ್ಚೀಪು ತೆಗೆಯುವಾಗ ಪರ್ಸಿನಲ್ಲಿದ್ದ ಚುರುಮರಿ ಪೊಟ್ಟಣ ಚರಚರ ಎಂದಿತು. ಇಡೀ ಸಾಲು ತಿರುಗಿ ನನ್ನನ್ನು ನೋಡಿತು. ಶೈಲಾ ಕಿವಿಯಲ್ಲಿ, "ಅಕ್ಕಾ, ಇಲ್ಲೆ ಉಸರಾಡೂದೂ ಸಾವಕಾಶ ಮಾಡಬೇಕು. ದೊಡ್ಡ ಹಾಡುಗಾರರಿಗಿ ಅದ ಮರ್ಯಾದಿ" ಎಂದಳು. ಮೂವತ್ತು ವರ್ಷ "ಸೈಲೆನ್ಸ್" ಎಂದು ಕೂಗಿ ಹೊಟ್ಟೆ ಹೊರೆದವಳು ನಾನು. ಇಷ್ಟು ಜನ ಬೆತ್ತವಿಲ್ಲದೆ ಸುಮ್ಮನೆ ಕೂತದ್ದನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ಅಲ್ಲೇ ಒಪೇರಾಕ್ಕೆ ದೀಕ್ಷೆ ತೆಗೆದುಕೊಂಡೆ.

ಊರಿಗೆ ಬಂದು ನಮ್ಮವರಿಗೆ ಎಲ್ಲ ವರ್ಣಿಸಿದೆ. ನಮ್ಮವರದು ಮಾರ್ಕೆಟ್ಟಿನ ಹತ್ತಿರ ಬೀಜ-ಗೊಬ್ಬರದ ಅಂಗಡಿ. ಅವರು ಮಾತನ್ನೂ ತೂಕ ಮಾಡಿಯೇ ಕೊಡುವವರು.

"ಆಕಿ ಹಾಡಕೋಂತ ಸತ್ಲೇನು?"

"ಹೌದ್ರಿ. ಮುಗಿದ ಮ್ಯಾಲ ಎಲ್ಲಾರೂ ಎದ್ದು ನಿಂತು ಚಪ್ಪಾಳಿ ಹೊಡದ್ರು."

"ನಮ್ಮ ದೊಡ್ಡಾಟದಾಗೂ ಸಾಯ್ತಾರ. ಆದ್ರ ಸತ್ತಾಂವ ಎದ್ದು ಬಂದು ಒಂದ ಕಪ್ ಚಾ ಕುಡದು, ಮುಂದಿನ ಪ್ರವೇಶಕ್ಕ ಮತ್ತ ಬರ್ತಾನ. ಅದು ಹೆಚ್ಚಿಂದು" ಎಂದು ಅಂಗಡಿಗೆ ಹೋದರು.

ಇದಾಗಿ ಕೆಲವೇ ತಿಂಗಳಿಗೆ ಮಗಳು ಸಹನಾಳ ಮದುವೆ ಗೊತ್ತಾಯಿತು. ವರ ಕಿತ್ತೂರಿನವನು. ಡಿಜೆ ಯಾವುದು, ಸ್ಟೇಜು ಎಂಥದು ಎಂದು ನಾವೆಲ್ಲ ಮಾತಾಡುತ್ತಿದ್ದಾಗ ಸಹನಾ ಒಂದೇ ಮಾತು ಹೇಳಿದಳು. "ಅವ್ವಾ, ನನಗ ಬ್ಯಾರೆ ಏನೂ ಬ್ಯಾಡ. ಅರಿಷಿಣಾ ಬೀಸೂ ದಿನಾ ಆಯಿ ಹಾಡಬೇಕು. ಅದನ್ನ ರೆಕಾರ್ಡ್ ಮಾಡಿ ಕೊಡು, ನಾ ಕಿತ್ತೂರಿಗಿ ಒಯ್ತೇನಿ."

ಆಯಿ ಎಂದರೆ ನನ್ನ ಅತ್ತೆ, ನೀಲವ್ವ. ಅವರು ಸುರೇಬಾನದ ಮನೆ ಬಿಟ್ಟು ನಮ್ಮಲ್ಲಿಗೆ ಬಂದು ಕೆಲವು ವರ್ಷವಾಗಿತ್ತು. ಅವರ ದನಿಯ ಬಗ್ಗೆ ನಾನು ಇಲ್ಲಿ ತಮಾಷೆ ಮಾಡಲಾರೆ. ಹೊಸ ಸೊಸೆಯಾಗಿ ಸುರೇಬಾನಕ್ಕೆ ಹೋದಾಗ, ನಸುಕಿನಲ್ಲಿ ಗೋಡೆಯಾಚೆಯಿಂದ ಕಲ್ಲಿನ ಗರಗರ ಸದ್ದಿನ ಮೇಲೆ ಆ ದನಿ ಏಳುತ್ತಿತ್ತು. ನಾನು ಅರೆನಿದ್ದೆಯಲ್ಲಿ ಮುಸುಕೆಳೆದುಕೊಂಡು ಕೇಳುತ್ತಿದ್ದೆ. ತವರು ಬಿಟ್ಟ ಸಂಕಟವೆಲ್ಲ ಅತ್ತು ಹಗುರಾಗಿ, ಮತ್ತೆ ನಿದ್ದೆ ಹೋಗುತ್ತಿದ್ದೆ. ಎದ್ದು ಹೋಗಿ ಒಂದು ಕೈ ಹಚ್ಚಬೇಕೆಂಬ ಬುದ್ಧಿ ಮಾತ್ರ ಬರಲಿಲ್ಲ. ಬೈಲಹೊಂಗಲಕ್ಕೆ ಬಂದ ಮೇಲೆ ಅತ್ತೆ ಹಾಡಿದ್ದೇ ಇಲ್ಲ. ಇಲ್ಲಿ ಮಿಕ್ಸರು ಕೂಗುತ್ತದೆ, ಗಿರಣಿ ಕೂಗುತ್ತದೆ, ಎದುರಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ತನ್ನ ಹಾಡು ಹಚ್ಚಿಕೊಂಡು ಹೋಗುತ್ತದೆ. ಹಾಡಲು ಕೇಳಿದರೆ, "ಎದುರಿಗಿ ಏನೂ ಇಲ್ಲ, ಹೆಂಗ ಹಾಡ್ಲಿ?" ಎನ್ನುತ್ತಿದ್ದರು.

ಎದುರಿಗೆ ಕಲ್ಲಿಲ್ಲ ಎಂದಲ್ಲವೇ ಅದರ ಅರ್ಥ? ನಾನು ಹಾಗೆಂದೇ ತಿಳಿದೆ. ಹಾಡುಗಾರ್ತಿ ಮನೆಯಲ್ಲಿದ್ದಾಳೆ, ಕಲ್ಲು ಸುರೇಬಾನದಲ್ಲಿದೆ, ಒಪೇರಾ ನೋಡಿದ ಸೊಸೆ ಇದ್ದಾಳೆ. ಇನ್ನೇನು ಬೇಕು? "ಎಲ್ಲಾ ನನಗ ಬಿಡ್ರಿ" ಎಂದೆ. ನಮ್ಮವರು ತಲೆ ಎತ್ತಿ ನೋಡಿ, ಏನೋ ಹೇಳಹೋಗಿ, ತೂಕ ಮಾಡಿ ಸುಮ್ಮನಾದರು.

ಮರುದಿನವೇ ರಾಮದುರ್ಗದ ಬಸ್ಸು ಹತ್ತಿ, ಅಲ್ಲಿಂದ ಸುರೇಬಾನಕ್ಕೆ ಹೋದೆ. ಅತ್ತೆಯ ಮೈದುನನ ಹೆಂಡತಿ, ನೆಗೆಣ್ಣಿ ಶಾಂತವ್ವ ಈಗ ಆ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಅಂದು ಅವರ ಮನೆಯಲ್ಲಿ ಕಬ್ಬು ಕಡಿಯುವವರಿಗೆ ಅಡುಗೆ ನಡೆದಿತ್ತು. "ಹಿತ್ತಲದಾಗ ಅದಾವ ನೋಡವಾ, ನಿಮ್ಮತ್ತೀದೂ ನಂದೂ ಕೂಡೇ ಅದಾವ. ಬೇಕಾದ್ದು ಒಯ್ಯಿ" ಎಂದು ರೊಟ್ಟಿ ತಟ್ಟುತ್ತಲೇ ಹೇಳಿದರು.

ಹಿತ್ತಲಲ್ಲಿ ನಾಲ್ಕು ಕಲ್ಲು ಬಿದ್ದಿದ್ದವು. ನಾನು ವಿಚಾರ ಮಾಡಿಯೇ ಆರಿಸಿದೆ. ಎರಡು ಕಲ್ಲು ಬಹಳ ಚಂದ ಇದ್ದವು, ಅಳತೆ ಒಂದೇ, ನಡುವೆ ದುಂಡನೆಯ ತೂತು, ಅಂಚಿನಲ್ಲಿ ಹಿಡಿಕೆಯ ಗೂಟ. ಅವಳಿ-ಜವಳಿ ಇದ್ದ ಹಾಗೆ. ಇನ್ನೆರಡರ ನಡುವೆ ತೂತಿಲ್ಲ, ಒಂದೊಂದು ಮೊಳೆ ಮೇಲೆದ್ದಿತ್ತು. ಒಡೆದು ಹಾಳಾದವು ಎಂದು ಅವನ್ನು ಬಿಟ್ಟೆ. ಬಾಡಿಗೆಯ ಗೂಡ್ಸ್ ಗಾಡಿಯವನು ಕಲ್ಲನ್ನು ಏರಿಸುತ್ತ, "ಅಕ್ಕಾರ, ಜೋಡಿ ಬರೋಬ್ಬರಿ ನೋಡೀರಿಲ್ರಿ?" ಎಂದು ಕೇಳಿದ. "ನಾ ಟೀಚರ್ ಅದೇನಿಪಾ" ಎಂದೆ. ಅವನು ಎರಡನ್ನೂ ಏರಿಸಿ ಗಾಡಿ ಹೊಡೆದ.

ಸವದತ್ತಿ ದಾಟಿ ಬೈಲಹೊಂಗಲಕ್ಕೆ ಬರುವ ದಾರಿಯುದ್ದಕ್ಕೂ ಕಲ್ಲಿಗೆ ಪೆಟ್ಟಾಗಬಾರದೆಂದು ನನ್ನ ಶಾಲು ಹೊದಿಸಿಕೊಂಡು ಬಂದೆ. ಮನೆಯ ಮುಂದೆ ಇಳಿಸಿದಾಗ ಅತ್ತೆ ಹೊರಗೆ ಬಂದರು. ಕಲ್ಲಿನ ಮೇಲೆ ಕೈಯಾಡಿಸಿದರು. ಅವರ ಮುಖ ಅರಳಿದ್ದನ್ನು ನೋಡಿ ನನಗೆ ಸಂಬಳ ಹೆಚ್ಚಾದಷ್ಟು ಸಂತೋಷವಾಯಿತು. ಆಮೇಲೆ ಎರಡನೆಯ ಕಲ್ಲಿನ ಮೇಲೆ ಕೈಯಾಡಿಸಿದರು. ಮತ್ತೆ ಮೊದಲನೆಯದರ ಮೇಲೆ.

"ಎರಡೂ ಮ್ಯಾಲಿನ ಕಲ್ಲ ತಂದೀಯಲ್ಲವಾ ತಂಗಿ" ಎಂದರು.

"ಅಂದ್ರ?"

"ಅಂದ್ರ ಏನ್ ಹೇಳ್ಲಿ? ಕೆಳಗಿಂದು ಸುಮ್ನ ಕುಂಡ್ರಬೇಕು, ಮ್ಯಾಲಿಂದು ತಿರುಗಬೇಕು. ಎರಡೂ ತಿರುಗ್ತೇನಿ ಅಂದ್ರ ಹಿಟ್ಟು ಬೀಳೂದಿಲ್ಲ. ಈ ಮನ್ಯಾಗ ತಿರುಗವರ ಹೆಚ್ಚಾದ್ರು, ಕುಂಡ್ರವರ ಯಾರೂ ಇಲ್ಲ."

ಗಿರಿಜಕ್ಕ ಗೋಡೆಯಾಚೆ ನಕ್ಕದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹಾಳಾದದ್ದು ಎಂದು ನಾನು ಬಿಟ್ಟುಬಂದ ಮೊಳೆಯ ಕಲ್ಲೇ ಕೆಳಗಿನದಂತೆ. ಆ ಮೊಳೆಯ ಮೇಲೆಯೇ ಇಡೀ ಸಂಸಾರ ತಿರುಗುವುದಂತೆ. ಮದುವೆಯ ಹತ್ತೆಂಟು ಕೆಲಸದ ನಡುವೆ ನಮ್ಮವರು ಅಂಗಡಿ ಮುಚ್ಚಿ ಸುರೇಬಾನಕ್ಕೆ ಹೋಗಬೇಕಾಯಿತು. ಗಾಡಿ ಸಿಗದೆ ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲೇ ತಂದರು. ಕಂಡಕ್ಟರು ಅದನ್ನು ಸೀಟಿನಿಂದ ಎತ್ತಲು ನೋಡಿ, ಎತ್ತಲಾಗದೆ, "ಇರ್ಲಿ, ಕುಂಡ್ರಲಿ ಬಿಡ್ರಿ. ಹಿರೇರದಾರ" ಎಂದು ಮುಂದೆ ಹೋದನಂತೆ. ಸೊಂಟಕ್ಕೆ ಮುಲಾಮು ಹಚ್ಚಿಸಿಕೊಳ್ಳುತ್ತ ನಮ್ಮವರು, "ಒಪೇರಾ ನೋಡಿದಾಕಿ ನೀನು, ಕಲ್ಲ ಹೊತ್ತಾಂವ ನಾನು" ಎಂದರು. ನಾನು ಇನ್ನಷ್ಟು ಜೋರಾಗಿ ತಿಕ್ಕಿದೆ.

ಅರಿಷಿಣ ಬೀಸುವ ದಿನ ಬಂತು. ಹಂದರದ ಕೆಳಗೆ ಜಮಖಾನೆ ಹಾಸಿ, ನಡುವೆ ಕಲ್ಲಿಟ್ಟು, ವಿಭೂತಿ ಹಚ್ಚಿ, ಅರಿಷಿಣದ ಕೊಂಬು ಕಟ್ಟಿ ಪೂಜೆಯಾಯಿತು. ಓಣಿಯ ಹೆಂಗಸರೆಲ್ಲ ಬಂದರು. ಬಂದವರೇ ರೂಢಿಯಂತೆ ಕಲ್ಲಿನ ಸುತ್ತ ಒತ್ತಿಕೊಂಡು ಕೂರಲು ಹೋದರು. ಸಾಧ್ಯವೇ? ನಾನು ಎಲ್ಲರನ್ನೂ ಎಬ್ಬಿಸಿ ಹಿಂದಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕೂರಿಸಿದೆ. ಫೋಟೋದವನು ಅತ್ತೆಯ ಸೆರಗಿಗೆ ಗುಂಡಿಯಷ್ಟು ಸಣ್ಣ ಮೈಕು ಸಿಕ್ಕಿಸಿದ. ನಾನು ಮುಂದೆ ನಿಂತು ಪ್ರಕಟಣೆ ಹೊರಡಿಸಿದೆ.

"ಎಲ್ಲಾರೂ ಲಕ್ಷ್ಯಗೊಟ್ಟು ಕೇಳ್ರಿ. ಹಾಡು ಮುಗಿಯೂತನಕಾ ಯಾರೂ ಬಾಯಿ ತೆರೀಬಾರದು. ಬಳಿ ಸಪ್ಪಳಾ ಮಾಡಬಾರದು. ಚಪ್ಪಾಳಿ ಕಡೀಕ ಒಮ್ಮೆ. ಇದು ದೊಡ್ಡ ಹಾಡುಗಾರರಿಗಿ ಮಾಡೂ ಮರ್ಯಾದಿ."

"ಕೆಮ್ಮು ಬಂದ್ರ ಹೆಂಗ್ರಿ?" ಎಂದಳು ಗಿರಿಜಕ್ಕ.

"ನುಂಗ್ರಿ."

ಅತ್ತೆ ಕಲ್ಲಿನ ಮುಂದೆ ಕಾಲು ಚಾಚಿ ಕೂತರು. ಗೂಟ ಹಿಡಿದು ಆಚೀಚೆ ನೋಡಿದರು. "ನನ್ನ ಎದುರಿಗಿ ಯಾರ ಕುಂಡ್ರತಾರ?"

"ಯಾರೂ ಬ್ಯಾಡ್ರಿ ಅತ್ತಿ. ನೀವೊಬ್ಬರ. ಅದ ಚಂದ" ಎಂದೆ. ಮುಂಬಯಿಯಲ್ಲೂ ಸಾಯುವವಳು ಒಬ್ಬಳೇ ಇದ್ದಳು.

ಅತ್ತೆ ಏನೋ ಕೇಳಬೇಕೆಂದು ಬಾಯಿ ತೆರೆದು, ನನ್ನ ತುಟಿಯ ಮೇಲಿನ ಬೆರಳು ನೋಡಿ ಸುಮ್ಮನಾದರು. ಕಲ್ಲು ತಿರುಗಿತು. ದನಿ ಎದ್ದಿತು.

"ಹೊಳಿಯಾಚಿ ಹೊಂಟಾಳ ಹೊರಳೊಮ್ಮಿ ನೋಡ್ಯಾಳ..."

ಅಷ್ಟು ವರ್ಷ ಹಾಡದೇ ಇದ್ದ ದನಿ ಅದು. ಮೊದಲು ಸ್ವಲ್ಪ ತಡವರಿಸಿತು. ಆಮೇಲೆ ಕಲ್ಲಿನ ಗರಗರದ ಮೇಲೆ ಕಾಲೂರಿ ನಿಂತಿತು. ಮುಂಬಯಿಯ ಹೆಣ್ಣುಮಗಳಿಗೆ ದೊಡ್ಡ ವಾದ್ಯಮೇಳವಿತ್ತು, ಬೆಳಕಿತ್ತು, ಪರದೆಯಿತ್ತು. ಅತ್ತೆಗೆ ಎರಡು ಕಲ್ಲು. ಆದರೂ ಕೂದಲು ನಿಮಿರಿದವು ನನಗೆ. ಸಾಲು ಮುಗಿಸಿ ಅತ್ತೆ ನಿಂತರು. ಕಲ್ಲು ಮಾತ್ರ ತಿರುಗುತ್ತಿತ್ತು. ಆಹಾ, ಎಂಥ ವಿರಾಮ ಎಂದುಕೊಂಡೆ ನಾನು. ಒಪೇರಾದಲ್ಲೂ ಹೀಗೇ ನಿಲ್ಲುತ್ತಾರೆ.

ಅತ್ತೆ ಅದೇ ಸಾಲನ್ನು ಮತ್ತೆ ಹಾಡಿದರು. ಮತ್ತೆ ನಿಂತು ನಮ್ಮ ಕಡೆ ನೋಡಿದರು. ಕುರ್ಚಿಯ ಸಾಲಿನಲ್ಲಿ ಬಾಯಿ ಬಿಗಿಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗಿರಿಜಕ್ಕ ಕುರ್ಚಿಯ ತುದಿಗೆ ಬಂದು ನನಗೆ ಕಣ್ಣಲ್ಲೇ ಏನೋ ಬೇಡಿಕೊಳ್ಳುತ್ತಿದ್ದಳು. ಕೆಮ್ಮು ಇರಬೇಕೆಂದು ನಾನು ಕಣ್ಣು ಕೆಂಪು ಮಾಡಿದೆ. ಅತ್ತೆ ಮೂರನೆಯ ಸಲ ಹಾಡಿದರು. ಈ ಸಲ ದನಿ ಕೊನೆಗೆ ನಡುಗಿತು. ಕಲ್ಲು ನಿಂತಿತು.

ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಒಬ್ಬಳೇ!

ಅತ್ತೆ ನನ್ನನ್ನು ನೋಡಿದ ನೋಟ ನಾನು ಮರೆಯಲಾರೆ. ಸಿಟ್ಟಿರಲಿಲ್ಲ ಅದರಲ್ಲಿ. ಅವಮಾನವಿತ್ತು. "ನನ್ನ ದನಿ ಒಡದ ಹೋಗೇತಿ. ಅದಕ್ಕ ಒಬ್ರೂ ಸೊಲ್ಲ ಹಿಡೀವಲ್ರು. ಸತ್ತವರ ಮನ್ಯಾಗೂ ಇಷ್ಟ ಸುಮ್ಮ ಕುಂಡ್ರೂದಿಲ್ಲ ಮಂದಿ" ಎಂದು ಸೆರಗು ಕೊಡವಿ ಎದ್ದು, ಒಳಗೆ ಹೋಗಿ ಕೋಣೆಯ ಬಾಗಿಲು ಮುಂದಕ್ಕೆ ತಳ್ಳಿದರು.

ಆಗ ಹೆಂಗಸರ ಬಾಯಿಗೆ ಹಾಕಿದ್ದ ಬೀಗ ಒಮ್ಮೆಲೇ ಕಿತ್ತು ಬಂತು. "ಏನ್ ಮಾಡಿದ್ರಿ ಟೀಚರ" ಎಂದಳು ಗಿರಿಜಕ್ಕ. "ಬೀಸೂ ಪದಾ ಒಬ್ಬರ ಹಾಡೂದಲ್ಲರಿ. ಒಬ್ಬಾಕಿ ಸಾಲ ಹಾಡಿದ್ರ ಎದುರಿನಾಕಿ ಅದ ಸೊಲ್ಲ ಹಿಡದು ತಿರುಗಿ ಹಾಡಬೇಕು. ಆವಾಗ ಮೊದಲಿನಾಕಿ ಉಸುರ ತಗೋತಾಳ, ಮುಂದಿನ ಸಾಲ ನೆನಸ್ತಾಳ. ಯಾರೂ ಹಿಡೀಲಿಲ್ಲ ಅಂದ್ರ, ನಿನ್ನ ಹಾಡ ನಮಗ ಬ್ಯಾಡ ಅಂದಂಗ. ನಾ ಹಿಡೀಬೇಕಂತ ಎಷ್ಟ ಒದ್ದಾಡಿದೆ. ನೀವು ಕಣ್ಣ ತೆಗದ್ರಿ."

ಅರಿಷಿಣದ ಸೀರೆ ಉಟ್ಟ ಸಹನಾ ಕಲ್ಲಿನ ಪಕ್ಕದಲ್ಲಿ ನಿಂತಿದ್ದಳು. "ಅವ್ವಾ, ಆಯಿ ಇನ್ನ ಹಾಡೂದಿಲ್ಲೇನು?" ಎಂದಳು. ನನಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಎದುರಿಗೆ ಏನೂ ಇಲ್ಲ ಎಂದು ಅತ್ತೆ ಇಷ್ಟು ವರ್ಷ ಹೇಳಿದ್ದು ಕಲ್ಲಿನ ಬಗ್ಗೆ ಅಲ್ಲ. ಸುರೇಬಾನದಲ್ಲಿ ಶಾಂತವ್ವ ಕೂರುತ್ತಿದ್ದಂತೆ ಇಲ್ಲಿ ಎದುರಿಗೆ ಕೂರುವವಳು ಇಲ್ಲ ಎಂದು. ಅದೇ ಮನೆಯಲ್ಲಿ ದಿನಾ ಓಡಾಡುವ ಸೊಸೆಗೇ ಹೇಳಿದ್ದರು.

ಕೋಣೆಗೆ ಹೋದೆ. ಅತ್ತೆ ಕಾಟಿನ ಮೇಲೆ ಕೂತು ಮೈಕನ್ನು ಸೆರಗಿನಿಂದ ಕಿತ್ತು ನನ್ನ ಕೈಗೆ ಕೊಟ್ಟರು. ಕಳೆದುಹೋದೀತೆಂದು ನಾನು ಅದನ್ನು ನನ್ನ ಸೆರಗಿಗೆ ಸಿಕ್ಕಿಸಿಕೊಂಡು ಕೆಳಗೆ ಕೂತೆ.

"ಅತ್ತಿ, ಮಂದಿದ ತಪ್ಪಲ್ಲ. ನಾ ಬಾಯಿ ಮುಚ್ಚಿಸಿದ್ನಿ. ನಿಮ್ಮ ದನಿ ಕೇಳಿ ನಾ ಹೆಂಗ ಆಗೇನಿ ಅಂತ ನಿಮಗ ಗೊತ್ತಿಲ್ಲ. ಮುಂಬಯಿ ಆಕಿನ್ನ ತಂದು ನಿಮ್ಮ ಮುಂದ ನಿಂದ್ರಿಸಿದ್ರ ಆಕಿ ಗಿರಣಿಗಿ ಹಿಟ್ಟು ಬೀಸಾಕ ಹೋಗ್ಬೇಕು."

ಅತ್ತೆ ಕಾಟಿನಿಂದ ಇಳಿದು ಸೆರಗು ಸರಿಮಾಡಿಕೊಂಡರು. ಆಮೇಲೆ, "ಹಂಗಾದ್ರ ನೀನ ಎದುರಿಗಿ ಕುಂಡ್ರು" ಎಂದರು.

ಇಲ್ಲಿ ನನ್ನ ಕಂಠದ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಶಾಲೆಯ ಪ್ರಾರ್ಥನೆಯ ಸಮಯದಲ್ಲಿ ಹೆಡ್‌ಮಾಸ್ತರರು ನನ್ನನ್ನು ಬಹಳ ಗೌರವದಿಂದ ಕರೆದು, ಬರೀ ತುಟಿ ಆಡಿಸಿದರೆ ಸಾಕು ಎಂದು ವಿನಂತಿಸಿದ್ದಾರೆ. ನಾನು ಜೋಗುಳ ಹಾಡುತ್ತೇನೆಂದರೆ ಸಹನಾ ಮಗುವಾಗಿದ್ದಾಗ ತಾನೇ ಕಣ್ಣು ಮುಚ್ಚಿ ಮಲಗುತ್ತಿದ್ದಳು. ಅಂಥವಳು ನಾನು, ಓಣಿಯವರೆಲ್ಲ ನೋಡುತ್ತಿರುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಎದುರು ಕೂತೆ. ಗೂಟಕ್ಕೆ ಕೈ ಹಚ್ಚಿದೆ. ಎಳೆದೆ. ಉಲ್ಟಾ!

"ನನ್ನ ಕೂಡ ತಿರುಗು ತಂಗಿ, ನನ್ನ ವಿರುದ್ಧ ತಿರುಗಬ್ಯಾಡ" ಎಂದರು ಅತ್ತೆ.

ಅವರು ಸಾಲು ಹಾಡಿದರು. ನಾನು ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ, ಸೊಲ್ಲು ಹಿಡಿದೆ. ಹಂದರದ ಕಂಬದ ಮೇಲಿದ್ದ ಪಾರಿವಾಳ ಎದ್ದು ಹೋಯಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅತ್ತೆಯೂ ನಕ್ಕರು. ನಗುತ್ತಲೇ ಎರಡನೆಯ ಸಾಲು ಎತ್ತಿದರು. ನಾನು ಎರಡನೆಯ ಸೊಲ್ಲು ಹಿಡಿಯುವಷ್ಟರಲ್ಲಿ ಗಿರಿಜಕ್ಕ ಕುರ್ಚಿ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತು ದನಿಗೂಡಿಸಿದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತ ಕುರ್ಚಿಗಳೆಲ್ಲ ಖಾಲಿಯಾಗಿ, ಕಲ್ಲಿನ ಸುತ್ತ ಬಳೆಗಳ ಸದ್ದೇ ಸದ್ದು.

ಅತ್ತೆಯ ದನಿಗೆ ಆಗ ಎಂಥ ಸೊಕ್ಕು ಬಂತು! ನಾವೆಲ್ಲ ಸೇರಿ ಒಂದು ಸಾಲು ಹಾಡುವಷ್ಟರಲ್ಲಿ ಅವರು ಉಸಿರು ತೆಗೆದುಕೊಂಡು, ಮುಂದಿನ ಸಾಲನ್ನು ಇನ್ನೂ ಮೇಲಕ್ಕೆ ಒಯ್ಯುತ್ತಿದ್ದರು. ತವರ ಬಾಗಿಲು, ಹೊಳೆಯ ದಂಡೆ, ತಿರುಗಿ ನೋಡುವ ಮಗಳು, ಕಣ್ಣೊರೆಸುವ ತಾಯಿ. ಕಲ್ಲಿನ ಸುತ್ತ ಅರಿಷಿಣ ಬಿತ್ತು, ಕಣ್ಣೀರೂ ಬಿತ್ತು. ಸಹನಾ ಆಯಿಯ ಬೆನ್ನಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲಲ್ಲಿ ನಿಂತ ನಮ್ಮವರು ಕಣ್ಣಿಗೆ ಧೂಳು ಬಿತ್ತೆಂದು ಹೇಳಿದರು. ಅಷ್ಟು ಜನ ಕೂಡಿ ಹಾಡಿದ್ದನ್ನು, ಅಷ್ಟು ಚಂದ ಅತ್ತದ್ದನ್ನು ನಾನು ಯಾವ ದೊಡ್ಡ ಊರಿನಲ್ಲೂ ನೋಡಿಲ್ಲ. ಅತ್ತೆಯ ಎದುರು ಕೂತಿದ್ದೆನೆಂಬುದು ನನ್ನ ಬಾಳಿನ ದೊಡ್ಡ ಹೆಮ್ಮೆ.

ಮದುವೆಯಾಯಿತು. ಸಹನಾ ಕಿತ್ತೂರಿಗೆ ಹೋದಳು. ಫೋಟೋದವನು ರೆಕಾರ್ಡಿಂಗನ್ನು ಅವಳ ಮೊಬೈಲಿಗೆ ಕಳಿಸಿದ. ಒಂದು ಸಂಜೆ ನಾವು ಮೂವರೂ ಚಹಾ ಕುಡಿಯುತ್ತಿದ್ದಾಗ ಅವಳ ಫೋನು ಬಂತು.

"ಅವ್ವಾ, ಆ ಹಾಡು ಹಚ್ಚಿದ್ನಿ. ಸ್ವಲ್ಪ ನೀನೂ ಕೇಳು" ಎಂದು ಅಲ್ಲಿಂದಲೇ ಹಚ್ಚಿದಳು.

ನಾನು ಫೋನಿನ ಸ್ಪೀಕರು ಹಚ್ಚಿದೆ, ಮೂವರೂ ಕಿವಿಗೊಟ್ಟೆವು. ಅತ್ತೆಯ ದನಿ ಎಲ್ಲೋ ದೂರದಲ್ಲಿ, ಸವದತ್ತಿಯ ಆಚೆ ಯಾರೋ ಹಾಡುತ್ತಿದ್ದಂತೆ ಸಣ್ಣಗೆ ಕೇಳಿಸಿತು. ಅದರ ಮೇಲೆ, ಕಿವಿಯ ಪಕ್ಕದಲ್ಲೇ, ನಾನು. ಸೊಲ್ಲು ಸೊಲ್ಲಿಗೂ ನಾನು. ನಡುನಡುವೆ ನನ್ನ ಏದುಸಿರು. ಮೈಕು ನನ್ನ ಸೆರಗಿನಲ್ಲೇ ಇತ್ತು!

"ನಮ್ಮ ಅತ್ತಿಯವರೂ ಕೇಳಿದ್ರು" ಎಂದಳು ಸಹನಾ. "ಪಾಪ, ಯಾರಿಗಿ ಆರಾಮ ಇಲ್ಲ ಅಂತ ಕೇಳಿದ್ರು."

ನಮ್ಮವರು ಚಹಾದ ಬಸಿ ಕೆಳಗಿಟ್ಟು ಹೊರಗೆ ಹೋದರು. ಅವರ ಬೆನ್ನು ಕುಲುಕುತ್ತಿತ್ತು. ನಾನು ಅತ್ತೆಯ ಮುಖ ನೋಡಲಾರದೆ ಕೂತೆ. ಮಗಳು ಕೇಳಿದ್ದು ಒಂದೇ ಒಂದು, ಅದನ್ನೂ ಹೀಗೆ ಮಾಡಿ ಕಳಿಸಿದ್ದೆ. ಅತ್ತೆ ಫೋನನ್ನು ತಮ್ಮ ಕಡೆ ಎಳೆದುಕೊಂಡರು.

"ಇರ್ಲಿ ಬಿಡ ಕೂಸ. ನನ್ನ ಹಾಡ ಏನ, ನೀ ಬಂದಾಗ ಎದುರಿಗಿ ಕುಂಡ್ರು, ಹಾಡತೇನಿ. ಇದನ್ನ ಅಳಸಬ್ಯಾಡ, ಇಟಗೋ. ತವರಮನಿ ನೆನಪಾಗಿ ಅಳು ಬಂದ್ರ ನಿಮ್ಮವ್ವನ ಸೊಲ್ಲ ಹಚ್ಚಿಕೋ. ಅಳು ತಟ್ಟನ ನಿಲ್ಲತೈತಿ."

ಆ ಕಡೆ ಹಾಡು ಬಂದ್ ಆಯಿತು.

"ನಿನ್ನೆ ಹಚ್ಚಿಕೊಂಡಿದ್ನಿ ಆಯಿ" ಎಂದಳು ಸಹನಾ. "ನಿಂತ್ತು."